ಪಟ್ಟಿ ಓದುವತನಕ

ಟೈಪಿಂಗ್ ಸೆಂಟರಿನ ಮಲಯಾಳಿ ಹುಡುಗ
ಕೀಲಿಯ ಮೇಲೆ ಬೆರಳಿಟ್ಟುಕೊಂಡು ಕೇಳಿದ: ತಂದೆಯ ಉದ್ಯೋಗ?
ನಿವೃತ್ತ ಶಿಕ್ಷಕ, ಅಂದೆ. ಪಾದ್ರಿ ಅಂದರೆ
ಯಾವ ಕೌಂಟರಿನಲ್ಲಿ ಕಾಗದ ಕೂತುಬಿಡುತ್ತದೋ ಅನ್ನುವ ಭಯ.
ರಾತ್ರಿ ಫೋನಿನಲ್ಲಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು
‘ಇರಲಿ, ಅರ್ಧವೇ ಸುಳ್ಳು’ ಅಂದರು.

ರೆವರೆಂಡ್ ಸತ್ಯಮಿತ್ರ ದೇವಪುತ್ರಪ್ಪ, ಎಪ್ಪತ್ತೊಂಬತ್ತು ವರ್ಷ,
ಅಬ್ಬಾಸಿಯಾದ ಮೂರನೇ ಮಹಡಿಗೆ ಬಂದು
ಹಸಿರು ಸೂಟ್‌ಕೇಸನ್ನು ಗೋಡೆಗೆ ಆನಿಸಿಟ್ಟರು.
ಬಿಚ್ಚಲಿಲ್ಲ. ಬೇಕಾದಾಗ ಜಿಪ್ಪನ್ನು ಗೇಣುದ್ದ ಸರಿಸಿ
ಕೈ ತೂರಿಸಿ ಬನಿಯನ್ನು ತೆಗೆಯುತ್ತಾರೆ.
ಖಾಲಿ ಮಾಡಿಕೊಟ್ಟ ಕಪಾಟಿನಲ್ಲಿ
ಅವರ ಕನ್ನಡಕದ ಡಬ್ಬಿ ಮಾತ್ರ.

ನಲವತ್ತು ವರ್ಷ, ಹದಿಮೂರು ಊರು:
ಹುಮನಾಬಾದ್, ಭಾಲ್ಕಿ, ಯಾದಗಿರಿ, ಶಹಾಪುರ,
ಯಾರೋ ದೂರು ಕೊಟ್ಟರಂತೆ, ಮತ್ತೆ ಹುಮನಾಬಾದ್.
ಏಪ್ರಿಲ್ ಕೊನೆಗೆ ಕಾನ್ಫರೆನ್ಸಿನಲ್ಲಿ ಬಿಷಪ್ಪರು
ಎದ್ದು ನಿಂತು ಪಟ್ಟಿ ಓದುವತನಕ
ಅವ್ವ ಮಾವಿನಕಾಯಿಗೆ ಉಪ್ಪು ಹಾಕುತ್ತಿರಲಿಲ್ಲ.
ಭರಣಿ ಲಾರಿಯಲ್ಲಿ ಉಳಿಯೋದಿಲ್ಲ, ಅಂತಿದ್ದಳು.
ಪಟ್ಟಿ ಬರುವ ಹೊತ್ತಿಗೆ ಮರದ ಕಾಯೆಲ್ಲ ಹಣ್ಣು.
ನಾವು ಪಕ್ಕದ ಮನೆಯವರ ಉಪ್ಪಿನಕಾಯಿಯಲ್ಲಿ ಬೆಳೆದ ಮಕ್ಕಳು.
ಅಣ್ಣ ಜಯಶೀಲ ಆ ಪಟ್ಟಿಯ ಮೇಲಿನ ಸಿಟ್ಟಿಗೇ
ಕರೆಂಟಿನ ಇಲಾಖೆ ಸೇರಿ, ಬೀದರಿನಲ್ಲೇ ಬೇರು ಬಿಟ್ಟು,
ಹತ್ತಿದ ಕಂಬದ ಬುಡದಲ್ಲೇ ರಿಟೈರಾದ.

ಅಪ್ಪ ಕಲಿತದ್ದು ನಿಜಾಮರ ಕಾಲದ ಶಾಲೆಯಲ್ಲಿ,
ಅಲಿಫ್ ಬೇ ಮೊದಲು, ಅ ಆ ಇ ಈ ಆಮೇಲೆ.
ಸಂಜೆ ನಡೆಯುತ್ತ ಇಲ್ಲಿನ ಬೋರ್ಡುಗಳನ್ನೆಲ್ಲ
ಗಟ್ಟಿಯಾಗಿ ಓದುತ್ತಾರೆ, ಅಕ್ಷರ ತಪ್ಪದೆ,
ಅರ್ಥ ಒಂದೂ ತಿಳಿಯದೆ.
‘ಸೈದಲಿಯ್ಯಾ ಅಂದರೇನೇ?’
ಔಷಧಿ ಅಂಗಡಿ, ಅಪ್ಪ.
‘ನನ್ನ ಪ್ರಸಂಗವನ್ನೂ ಹೀಗೇ ಕೇಳಿದರು ಎಷ್ಟೋ ಜನ.’

ಶುಕ್ರವಾರ ಮೂರೂವರೆಯಿಂದ ಒಂಬತ್ತನೇ ಕೋಣೆ ನಮ್ಮದು.
ತಮಿಳರು ಎದ್ದುಹೋದ ಬೆಚ್ಚನೆ ಕುರ್ಚಿಗಳು, ಹದಿನೇಳು ಜನ.
ಐದಕ್ಕೆ ಹತ್ತು ನಿಮಿಷವಿರುವಾಗ ನೇಪಾಳಿಗಳು ಬಾಗಿಲು ತಟ್ಟುತ್ತಾರೆ.
ಪೌಲನನ್ನು ದಮಸ್ಕ ಮುಟ್ಟಿಸಲು
ಭಾಲ್ಕಿಯಲ್ಲಿ ಒಂದು ಗಂಟೆ ತೆಗೆದುಕೊಳ್ಳುತ್ತಿದ್ದ ಅಪ್ಪ
ಇಲ್ಲಿ ಅವನನ್ನು ದಾರಿಯ ಮೇಲೇ ಬಿಟ್ಟು
ಆಶೀರ್ವಚನಕ್ಕೆ ಕೈ ಎತ್ತಿದರು.
ಯಾರೋ ಅಷ್ಟರಲ್ಲಿ ಬಾಗಿಲು ತೆರೆದಿದ್ದರು.
ಕಾರಿಡಾರಿನಲ್ಲಿ ಗಿಟಾರು ಹಿಡಿದವರು, ಕೂಸು ಹೊತ್ತವರು,
ಕನ್ನಡ ಕೇಳಿಯೇ ಇರದವರು ತಲೆ ಬಗ್ಗಿಸಿದರು.
ಆ ಕೈ ಕೆಳಗಿಳಿಯಲು ತುಂಬ ಹೊತ್ತು ಹಿಡಿಯಿತು.

ರಾತ್ರಿ ಪಾಳಿ ಮುಗಿಸಿ ಫರ್ವಾನಿಯಾದಿಂದ ಬಸ್ಸಿನಲ್ಲಿ ಬರುತ್ತ
ಲೆಕ್ಕ ಹಾಕಿದೆ: ಹದಿನಾರು ವರ್ಷ.
ಅಕಾಮಾ ರಿನ್ಯೂ ಆಗುವತನಕ ಪರದೆ ಹೊಲಿಸುವುದಿಲ್ಲ,
ಫ್ರಿಜ್ಜು ಬದಲಿಸುವುದಿಲ್ಲ, ಗೋಡೆಗೆ ಮೊಳೆ ಹೊಡೆಯುವುದಿಲ್ಲ.
ಅವ್ವನ ಫೋಟೊ ಕೂಡ
ಟಿವಿಗೆ ಒರಗಿಯೇ ನಿಂತಿದೆ.

ಮೊನ್ನೆ ಅಪ್ಪ ಒಬ್ಬರೇ ಸಂತೆಗೆ ಹೋಗಿ ಬಂದರು.
ಎರಡು ಕಿಲೊ ಮಾವಿನಕಾಯಿ, ಪಾಕಿಸ್ತಾನದ್ದಂತೆ,
ಕಟ್ಟಡ ಕಾಯುವ ಗುಲ್ ಜಮಾನ್ ಹಿಚುಕಿ ನೋಡಿ ಆರಿಸಿಕೊಟ್ಟನಂತೆ.
ಅಪ್ಪನ ಬೀದರಿ ಉರ್ದು, ಅವನ ಪೇಶಾವರದ್ದು;
ನಗು ಮಾತ್ರ ಮೆಟ್ಟಿಲಿನತನಕ ಕೇಳಿಸುತ್ತಿತ್ತು.
ವೀಸಾ ಇನ್ನು ಹತ್ತೊಂಬತ್ತು ದಿನ. ಉಪ್ಪಿನಕಾಯಿ ಕಳಿಯಲು
ತಿಂಗಳಾದರೂ ಬೇಕು ಅಂದೆ.
‘ಗೊತ್ತು’ ಅಂದರು, ಗೊರಟ ಸೀಳುತ್ತ.

ಸಾಸಿವೆ, ಮೆಂತ್ಯ, ಖಾರ. ಉಪ್ಪು
ಎರಡು ಸಲ ಬಿತ್ತೇನೋ, ನಾನು ನಿದ್ದೆಗಣ್ಣಿನಲ್ಲಿದ್ದೆ.
ಬಾಯಿಗೆ ಬಟ್ಟೆ ಕಟ್ಟಿ, ವಾರ್ಡಿನಿಂದ ತಂದ ಲೇಬಲ್ಲಿನ ಮೇಲೆ
ದೀಕ್ಷಾಸ್ನಾನದ ರಿಜಿಸ್ಟರಿನ ಅದೇ ದುಂಡಕ್ಷರದಲ್ಲಿ
ತಾರೀಖು ಬರೆದರು. ಊರು: ಅಬ್ಬಾಸಿಯಾ.
ತಾಯಿ: ಸುವಾರ್ತಮ್ಮ.
ಆಮೇಲೆ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು
ಎಲ್ಲಿಡಲಿ, ಅಂತ ಕೇಳಿದರು.
ಕಪಾಟು ತೋರಿಸಿದೆ.
ಕನ್ನಡಕದ ಡಬ್ಬಿಯನ್ನು ಸ್ವಲ್ಪ ಆಚೆ ಸರಿಸಿದರು.